ಮೊದಲ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿಗಳ ಬಗ್ಗೆ ಮೂಡುವ ಅಭಿಪ್ರಾಯವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ಹೊಸ ಉಪನ್ಯಾಸಕಿ

ಈ ವರ್ಷವಷ್ಟೇ ವಿಶ್ವವಿದ್ಯಾಲಯವೊಂದರಲ್ಲಿ ಬೋಧನೆ ಆರಂಭಿಸಿದ್ದೇನೆ. ನನ್ನ ಪಾಲಿಗೆ ಬಂದಿರುವುದು ಸಂಖ್ಯಾಶಾಸ್ತ್ರದ ಆರಂಭಿಕ ಕೋರ್ಸು. ತರಗತಿಯಲ್ಲಿರುವ ಹೆಚ್ಚಿನವರು ಬೇರೆ ಬೇರೆ ವಿಭಾಗಗಳಿಂದ ಬಂದವರು. ಪದವಿಗೆ ಇದು ಕಡ್ಡಾಯ ಎಂಬ ಕಾರಣಕ್ಕೆ ಸೇರಿದವರೇ ಬಹಳ. ಸೆಮಿಸ್ಟರ್ ಅರ್ಧ ದಾಟಿದೆ, ಮೊದಲ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೇನೆ. ವಿದ್ಯಾರ್ಥಿಗಳ ಬಗ್ಗೆ ನನ್ನಲ್ಲಿ ಮೂಡಿರುವ ಚಿತ್ರ ಒಂದಕ್ಕೊಂದು ಹೊಂದದ ತುಣುಕುಗಳಿಂದ ಕೂಡಿದೆ. ಅನುಭವಿಗಳು ಇದನ್ನು ಹೇಗೆ ಓದುತ್ತಾರೆಂದು ತಿಳಿಯುವ ಕುತೂಹಲದಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಒಳ್ಳೆಯದನ್ನೇ ಹೇಳುತ್ತೇನೆ. ಸೇರುವ ಮೊದಲು ಹಿರಿಯ ಸಹೋದ್ಯೋಗಿಗಳು ಕೊಟ್ಟಿದ್ದ ಎಚ್ಚರಿಕೆಗಳಲ್ಲಿ ಅರ್ಧದಷ್ಟೂ ನಿಜವಾಗಲಿಲ್ಲ. ಅಸಡ್ಡೆ, ಉಡಾಫೆ, ಮಾತಿಗೆ ಮಾತು ಇವೆಲ್ಲ ಕಾದಿವೆ ಎಂದುಕೊಂಡಿದ್ದೆ. ಎದುರಾದದ್ದು ಮಿತಿಮೀರಿದ ಸೌಜನ್ಯ. ತಡವಾಗಿ ಬಂದವರು ಕ್ಷಮೆ ಕೇಳಿ ಒಳಗೆ ಬರುತ್ತಾರೆ. ಬೋರ್ಡಿನ ಮೇಲೆ ನಾನು ತಪ್ಪು ಅಂಕಿ ಬರೆದರೂ ಯಾರೂ ಎತ್ತಿ ತೋರಿಸುವುದಿಲ್ಲ. ಅದನ್ನು ಹಾಗೆಯೇ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಈ ವಿನಯವನ್ನು ಗೌರವವೆನ್ನಬೇಕೋ ಹಿಂಜರಿಕೆ ಎನ್ನಬೇಕೋ ಎಂಬುದೇ ನನ್ನ ಮೊದಲ ಗೊಂದಲ.

ಎರಡನೆಯದು ಮೌನ. ಒಂದು ಪರಿಕಲ್ಪನೆಯನ್ನು ವಿವರಿಸಿ "ಅರ್ಥವಾಯಿತೇ?" ಎಂದು ಕೇಳಿದರೆ ಮುಂದಿನ ಎರಡು ಸಾಲಿನ ತಲೆಗಳು ಅಲ್ಲಾಡುತ್ತವೆ, ಹಿಂದಿನವರು ಪುಸ್ತಕ ನೋಡುತ್ತಾರೆ. ನಾನು ಮುಂದಕ್ಕೆ ಹೋಗುತ್ತೇನೆ. ತರಗತಿ ಮುಗಿದ ಕೂಡಲೇ ನಾಲ್ಕೈದು ಮಂದಿ ಮೇಜಿನ ಬಳಿ ಬಂದು, ಒಬ್ಬರಾದ ಮೇಲೆ ಒಬ್ಬರು, ಬಹುತೇಕ ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಎಲ್ಲರೆದುರು ಒಮ್ಮೆ ಕೇಳಿದ್ದರೆ ಇಡೀ ತರಗತಿಗೆ ಉಪಕಾರವಾಗುತ್ತಿತ್ತಲ್ಲ ಎಂದು ಪ್ರತಿ ಬಾರಿಯೂ ಅನ್ನಿಸುತ್ತದೆ. ಸಂದೇಹ ಕೇಳಲೆಂದೇ ಮೀಸಲಿಟ್ಟ ನನ್ನ ಕೊಠಡಿಯ ಸಮಯಕ್ಕಂತೂ ಪರೀಕ್ಷೆಯ ಹಿಂದಿನ ದಿನದವರೆಗೆ ಯಾರೂ ಬರಲಿಲ್ಲ.

ಮೂರನೆಯದು ಉತ್ತರಪತ್ರಿಕೆಗಳು ತೋರಿಸಿದ್ದು. ನಿಜ ಹೇಳಬೇಕೆಂದರೆ ನನ್ನನ್ನು ಅಲುಗಾಡಿಸಿದ್ದು ಇದೇ. ಐದು ಜನರ ದಿನದ ಓದಿನ ಅವಧಿ ಎಂದು ಹೇಳಿ 4, 6, 8, 10, 52 ಎಂಬ ಅಂಕಿಗಳನ್ನು ಕೊಟ್ಟಿದ್ದೆ. (ದಿನಕ್ಕೆ 52 ಗಂಟೆ ಸಾಧ್ಯವಿಲ್ಲ ಎಂಬುದನ್ನು ಯಾರಾದರೂ ಗಮನಿಸಲಿ ಎಂಬ ಉದ್ದೇಶವೂ ಅದರಲ್ಲಿತ್ತು.) ಸರಾಸರಿ 16 ಎಂದು ಬಹುತೇಕ ಎಲ್ಲರೂ ಕಂಡುಹಿಡಿದಿದ್ದರು: ಮೊತ್ತ 80, ಅದನ್ನು 5ರಿಂದ ಭಾಗಿಸಿದ್ದು, ಉತ್ತರದ ಅಡಿಯಲ್ಲಿ ನೀಟಾಗಿ ಎರಡು ಗೆರೆ. ಮುಂದಿನ ಉಪಪ್ರಶ್ನೆ, ಈ ಸರಾಸರಿ ಏನನ್ನು ಹೇಳುತ್ತದೆ ಎಂಬುದು. "ಹೆಚ್ಚಿನವರು ಸುಮಾರು 16 ಗಂಟೆ ಓದುತ್ತಾರೆ" ಎಂಬ ಉತ್ತರ ಒಂದಾದ ಮೇಲೊಂದರಂತೆ ಬಂತು. ಐವರಲ್ಲಿ ನಾಲ್ವರು ಹತ್ತಕ್ಕಿಂತ ಮೇಲೇ ಹೋಗಿಲ್ಲ ಎಂಬುದು ಅದೇ ಪುಟದಲ್ಲಿ, ಎರಡು ಗೆರೆಗಳ ಮೇಲೆಯೇ ಇದೆ. 52ರ ಬಗ್ಗೆ ಬರೆದವರನ್ನು ಬೆರಳಲ್ಲಿ ಎಣಿಸಬಹುದು.

ಇದರ ಜೊತೆಗೆ ಇನ್ನೂ ಎರಡು ಸಂಗತಿಗಳಿವೆ. ಹೊಸ ಅಧ್ಯಾಯ ತೆರೆದ ಹತ್ತು ನಿಮಿಷದೊಳಗೆ "ಇದು ಪರೀಕ್ಷೆಗೆ ಬರುತ್ತದೆಯೇ?" ಎಂಬ ಪ್ರಶ್ನೆ ಎಲ್ಲಿಂದಲೋ ಬಂದೇ ಬರುತ್ತದೆ, ಎಲ್ಲರೆದುರು ಧೈರ್ಯವಾಗಿ ಕೇಳುವ ಪ್ರಶ್ನೆ ಅದೊಂದೇ. ಇನ್ನು ಮನೆಯಿಂದ ಮಾಡಿ ತರುವ ಅಸೈನ್‌ಮೆಂಟುಗಳು ಕೈಬರಹದ ಉತ್ತರಪತ್ರಿಕೆಗಳಿಗೆ ಸಂಬಂಧವೇ ಇಲ್ಲದಷ್ಟು ಅಚ್ಚುಕಟ್ಟಾಗಿವೆ. ಚಾಟ್‌ಬಾಟಿನ ನೆರವು ಪಡೆದಿದ್ದಾರೆಂದು ಊಹಿಸುವುದು ಕಷ್ಟವಲ್ಲ, ಆದರೆ ಯಾರು ಎಷ್ಟು ಪಡೆದಿದ್ದಾರೆ, ಪಡೆದದ್ದರಿಂದ ಏನಾದರೂ ಕಲಿತರೇ ಎಂಬುದು ನನಗೆ ಕಾಣುತ್ತಿಲ್ಲ.

ವಿನಯವಂತರು, ಅಂಜುಬುರುಕರು, ಲೆಕ್ಕದಲ್ಲಿ ಚುರುಕು, ಅರ್ಥದಲ್ಲಿ ಹಿಂದೆ, ಅಂಕಗಳ ಮೇಲೆಯೇ ಕಣ್ಣು: ಸದ್ಯಕ್ಕೆ ನನ್ನ ಅಭಿಪ್ರಾಯ ಇಷ್ಟು. ಇದರಲ್ಲಿ ಎಷ್ಟು ಭಾಗ ನಿಜವಾಗಿಯೂ ವಿದ್ಯಾರ್ಥಿಗಳದು, ಎಷ್ಟು ಭಾಗ ನಾನು ನಿಂತ ಜಾಗದಿಂದ ಹಾಗೆ ಕಾಣುವುದು? ವರ್ಷಗಳು ಕಳೆದಂತೆ ನಿಮ್ಮ ಮೊದಲ ಅಭಿಪ್ರಾಯಗಳಲ್ಲಿ ಯಾವುವು ಉಳಿದವು?

ಉತ್ತರ: ಭೌತಶಾಸ್ತ್ರದ ಹಳಬ

ನೀವು ಗಮನಿಸಿದ್ದೆಲ್ಲ ನಿಜವೇ. ಅವುಗಳಿಗೆ ಕೊಟ್ಟ ಹೆಸರುಗಳ ಬಗ್ಗೆ ಮಾತ್ರ ನನ್ನ ತಕರಾರಿದೆ. ತರಗತಿಯ ಮುಂದೆ ನಿಂತವರಿಗೆ ಕಾಣುವುದು ತಾವು ಕೇಳಿದ ಪ್ರಶ್ನೆಗೆ ಬಂದ ಪ್ರತಿಕ್ರಿಯೆ. ಪ್ರಶ್ನೆ ಬದಲಾದರೆ ಅದೇ ವಿದ್ಯಾರ್ಥಿಗಳು ಬೇರೆಯವರಂತೆ ಕಾಣತೊಡಗುತ್ತಾರೆ. ಆದ್ದರಿಂದ ಮೊದಲ ಸೆಮಿಸ್ಟರಿನ ಅಭಿಪ್ರಾಯಗಳನ್ನು ಅವರ ಸ್ವಭಾವದ ವರ್ಣನೆಯೆಂದು ಓದದೆ, ನಿಮ್ಮ ಕೋರ್ಸು ಈಗ ಅವರಿಂದ ಏನನ್ನು ಹೊರತರುತ್ತಿದೆ ಎಂಬುದರ ವರದಿಯೆಂದು ಓದುವುದು ಹೆಚ್ಚು ಉಪಯುಕ್ತ.

"ಅರ್ಥವಾಯಿತೇ?" ಎಂಬುದನ್ನೇ ತೆಗೆದುಕೊಳ್ಳಿ. ಅದಕ್ಕೆ ಸರಿಯಾಗಿ ಉತ್ತರಿಸಬೇಕಾದರೆ ತನಗೆ ಏನು ಅರ್ಥವಾಗಿಲ್ಲ ಎಂಬುದು ಕೇಳಿಸಿಕೊಳ್ಳುವವನಿಗೆ ಗೊತ್ತಿರಬೇಕು. ಈಗಷ್ಟೇ ಮೊದಲ ಸಲ ಕೇಳಿದ ವಿಷಯದಲ್ಲಿ ಅಷ್ಟು ತಿಳಿದಿರುವವನು ಅದಾಗಲೇ ಮುಕ್ಕಾಲು ಪಾಲು ಕಲಿತವನು. ಉಳಿದವರಿಗೆ ತಲೆ ಅಲ್ಲಾಡಿಸುವುದೊಂದೇ ದಾರಿ. ಅಷ್ಟಲ್ಲದೆ, ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ? ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ಶಾಲೆಗಳ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ 1970ರ ದಶಕದಲ್ಲಿ ತೋರಿಸಿದ್ದು ಇದು: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಮಕ್ಕಳೇ ಕೇಳುವ ಪ್ರಶ್ನೆಗಳು ಹೆಚ್ಚಾದವು. ಮುಂದೆ ನಿಂತವರಿಗೆ ಆ ಮೂರು ಸೆಕೆಂಡ್ ಬಹಳ ದೀರ್ಘವೆನಿಸುತ್ತದೆ. ಅಭ್ಯಾಸವಾಗುವವರೆಗೆ ಮನಸ್ಸಿನಲ್ಲೇ ಎಣಿಸುವುದು ಒಳ್ಳೆಯದು.

ಇನ್ನು ಹೋಲಿಕೆಯ ಸಮಸ್ಯೆ. "ಅರ್ಥದಲ್ಲಿ ಹಿಂದೆ" ಎಂದಿದ್ದೀರಿ, ಯಾರಿಗಿಂತ ಹಿಂದೆ? ಹೊಸ ಉಪನ್ಯಾಸಕರೆಲ್ಲರೂ ತಮಗರಿವಿಲ್ಲದೆಯೇ ತಮ್ಮ ವಿದ್ಯಾರ್ಥಿ ದಿನಗಳನ್ನು ಅಳತೆಗೋಲಾಗಿ ಇಟ್ಟುಕೊಂಡಿರುತ್ತಾರೆ. ತನ್ನ ತರಗತಿಯಲ್ಲಿ ಆ ವಿಷಯವನ್ನು ಮೆಚ್ಚಿ, ಅದರಲ್ಲೇ ಸ್ನಾತಕೋತ್ತರ ಓದಿ, ಸಂಶೋಧನೆಗೂ ಹೋದ ವ್ಯಕ್ತಿ ಆ ತರಗತಿಯ ಪ್ರತಿನಿಧಿಯಾಗುವುದು ಹೇಗೆ? ನಿಮ್ಮ ವಿಷಯದ ಭಾಷೆಯಲ್ಲೇ ಹೇಳುವುದಾದರೆ, ನಿಮ್ಮ ಪಟ್ಟಿಯಲ್ಲಿರುವ 52 ನೀವೇ. ನೀವು ಕುಳಿತಿದ್ದ ತರಗತಿಯ ಹಿಂದಿನ ಸಾಲಿನಲ್ಲಿ ಇದ್ದವರು ಸರಾಸರಿಯ ಬಗ್ಗೆ ಏನು ಬರೆದಿದ್ದರೆಂಬುದು ನಿಮಗೆ ಗೊತ್ತಿಲ್ಲ, ಏಕೆಂದರೆ ಅವರ ಉತ್ತರಪತ್ರಿಕೆ ನಿಮ್ಮ ಕೈಗೆ ಬಂದಿರಲಿಲ್ಲ.

ಪರಿಣತರಿಗೂ ಹೊಸಬರಿಗೂ ಒಂದೇ ಪ್ರಶ್ನೆ ಬೇರೆಯಾಗಿ ಕಾಣುತ್ತದೆ ಎಂಬುದಕ್ಕೆ ನನ್ನ ವಿಷಯದಲ್ಲೇ ಹೆಸರಾದ ಪ್ರಯೋಗವೊಂದಿದೆ. ಮಿಶೆಲಿನ್ ಚಿ, ಪಾಲ್ ಫೆಲ್ಟೋವಿಚ್ ಮತ್ತು ರಾಬರ್ಟ್ ಗ್ಲೇಸರ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭೌತಶಾಸ್ತ್ರದ ಲೆಕ್ಕಗಳನ್ನು ಗುಂಪು ಮಾಡಿ ಎಂದಾಗ ಹೊಸಬರು ಇಳಿಜಾರು ಇರುವ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗ್ ಇರುವವನ್ನು ಇನ್ನೊಂದು ಕಡೆ ಇಟ್ಟರು. ಪರಿಣತರು ಶಕ್ತಿಯ ಸಂರಕ್ಷಣೆಯಿಂದ ಬಿಡಿಸುವಂಥವನ್ನು, ಅವುಗಳಲ್ಲಿ ಇಳಿಜಾರು ಇರಲಿ ಸ್ಪ್ರಿಂಗ್ ಇರಲಿ, ಒಟ್ಟಿಗೆ ಇಟ್ಟರು. ನಿಮ್ಮ ವಿದ್ಯಾರ್ಥಿಗಳ ಪಾಲಿಗೆ ಆ ಪ್ರಶ್ನೆ "ಐದು ಅಂಕಿ ಕೊಟ್ಟಿದ್ದಾರೆ, ಕೂಡಿಸಿ ಭಾಗಿಸಬೇಕು" ಎಂಬ ಜಾತಿಗೆ ಸೇರಿದ್ದು. ನಿಮ್ಮ ಪಾಲಿಗೆ ಅದು ದತ್ತಾಂಶವನ್ನು ಅನುಮಾನಿಸುವ ಪ್ರಶ್ನೆ. ಎರಡು ಗೆರೆ ಎಳೆದ ಮೇಲೆ ಅವರ ಮಟ್ಟಿಗೆ ಕೆಲಸ ಮುಗಿದಿದೆ. ನಂತರದ ಉಪಪ್ರಶ್ನೆಗೆ ಅವರು ಕೊಟ್ಟಿದ್ದು ಒಂದು ವಾಕ್ಯ ತುಂಬಿಸುವ ಉತ್ತರ.

ಇದು ನಿಮ್ಮ ವಿದ್ಯಾರ್ಥಿಗಳದ್ದಷ್ಟೇ ಕಥೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಾಜೂರ್ ತಮ್ಮ ಅನುಭವವನ್ನು ಅನೇಕ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು, ಬೋಧನೆಗೆ ಒಳ್ಳೆಯ ಅಂಕವನ್ನೂ ಕೊಡುತ್ತಿದ್ದರು. ಬಲ ಮತ್ತು ಚಲನೆಯ ಬಗ್ಗೆ ಸೂತ್ರಗಳಿಲ್ಲದ ಸರಳ ಪ್ರಶ್ನೆಗಳ ಒಂದು ಪರೀಕ್ಷೆ ಕೊಟ್ಟಾಗ, ಇದಕ್ಕೆ ನೀವು ಕಲಿಸಿದ ಪ್ರಕಾರ ಉತ್ತರಿಸಬೇಕೇ ಅಥವಾ ನಾನು ಸಹಜವಾಗಿ ಯೋಚಿಸುವ ಪ್ರಕಾರವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ. ತರಗತಿಯ ಭೌತಶಾಸ್ತ್ರ, ತನ್ನ ಭೌತಶಾಸ್ತ್ರ ಎಂದು ಎರಡನ್ನು ಬೇರೆ ಬೇರೆ ಖಾತೆಗಳಲ್ಲಿ ಇಟ್ಟುಕೊಂಡಿದ್ದಾಳೆಂಬುದು ಆ ಪ್ರಶ್ನೆಯಿಂದ ಹೊರಬಿತ್ತು. ಮಾಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ವಿಧಾನ ಈಗ ಬಹಳ ಕಡೆ ಬಳಕೆಯಲ್ಲಿದೆ: ಪರಿಕಲ್ಪನೆಯ ಬಗ್ಗೆ ಒಂದು ಬಹು ಆಯ್ಕೆಯ ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ತಾವೇ ಯೋಚಿಸಿ ಮತ ಹಾಕುವುದು, ನಂತರ ಪಕ್ಕದವರೊಡನೆ ವಾದಿಸಿ ಮತ್ತೆ ಮತ ಹಾಕುವುದು, ಆಮೇಲಷ್ಟೇ ಅಧ್ಯಾಪಕರ ವಿವರಣೆ.

ನಿಮ್ಮ ಅದೇ ಐದು ಅಂಕಿಗಳನ್ನು ಹೀಗೆ ಬಳಸಿ ನೋಡಿ. ಸರಾಸರಿಯನ್ನು ಕೇಳಲೇಬೇಡಿ; "ಐವರಲ್ಲಿ ಎಷ್ಟು ಜನ ಸರಾಸರಿಗಿಂತ ಕೆಳಗಿದ್ದಾರೆ? ಲೆಕ್ಕ ಮಾಡದೆ ಊಹಿಸಿ" ಎಂದು ಕೇಳಿ. ಎರಡು ಅಥವಾ ಮೂರು ಎನ್ನುವವರೇ ಹೆಚ್ಚಿರುತ್ತಾರೆಂದು ನನ್ನ ಅಂದಾಜು. ನಂತರ 52ನ್ನು 12 ಮಾಡಿ, ಸರಾಸರಿ 16ರಿಂದ 8ಕ್ಕೆ ಬೀಳುವುದನ್ನೂ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ಎರಡೂ ಸಲ 8ರಲ್ಲೇ ಇರುವುದನ್ನೂ ಅವರೇ ಕಂಡುಕೊಳ್ಳಲಿ. ನೀವು ಹುಡುಕುತ್ತಿರುವ "ಅರ್ಥ" ಅಲ್ಲಿ ಗದ್ದಲದೊಂದಿಗೆ ಹೊರಬರುತ್ತದೆ, ಬೇಕಾದರೆ ಅಂಕವನ್ನೂ ಕೊಡಬಹುದು.

ಉತ್ತರ: ಮೂರನೇ ವರ್ಷದ ವಿದ್ಯಾರ್ಥಿ

ಈ ಚರ್ಚೆಯಲ್ಲಿ ಬೆಂಚಿನ ಮೇಲೆ ಕುಳಿತವರ ಧ್ವನಿಯೂ ಇರಲಿ ಎಂದು ಬರೆಯುತ್ತಿದ್ದೇನೆ.

ಎಲ್ಲರೆದುರು ಕೇಳದೆ ಆಮೇಲೆ ಮೇಜಿನ ಬಳಿ ಬರುವುದಕ್ಕೆ ಕಾರಣ ನಾಚಿಕೆ ಎಂದು ಅಧ್ಯಾಪಕರು ಸಾಮಾನ್ಯವಾಗಿ ಭಾವಿಸುತ್ತಾರೆ. ಅದು ಅರ್ಧ ಸತ್ಯ. ಸುತ್ತಲಿನವರು ಸುಮ್ಮನೆ ಬರೆದುಕೊಳ್ಳುತ್ತಿರುವುದನ್ನು ನೋಡಿದಾಗ, ಅವರಿಗೆಲ್ಲ ಅರ್ಥವಾಗಿದೆ, ನನ್ನೊಬ್ಬನಿಗಾಗಿ ಪಾಠ ನಿಲ್ಲಿಸುವುದು ಬೇಡ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆಯುತ್ತದೆ. ಪಕ್ಕದವನೂ ನನ್ನ ಸುಮ್ಮನಿರುವಿಕೆಯನ್ನು ನೋಡಿ ಅದೇ ಲೆಕ್ಕ ಹಾಕಿರುತ್ತಾನೆ. ಸಾಮಾಜಿಕ ಮನೋವಿಜ್ಞಾನದ ಕೋರ್ಸಿನಲ್ಲಿ ಇದರ ಬಗ್ಗೆಯೇ ಓದಿದಾಗ ನಗು ಬಂತು: ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲಂಡ್ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥವಾಗದಂತೆ ಬರೆದ ಲೇಖನವನ್ನು ಓದಲು ಕೊಟ್ಟು, ಬೇಕಾದರೆ ಬಂದು ಕೇಳಬಹುದು ಎಂದಿದ್ದರು. ಯಾರೂ ಹೋಗಿ ಕೇಳಲಿಲ್ಲ. ತಾವು ಕೇಳದಿದ್ದದ್ದು ಮುಜುಗರದಿಂದ, ಉಳಿದವರು ಕೇಳದಿದ್ದದ್ದು ಅವರಿಗೆ ಅರ್ಥವಾದದ್ದರಿಂದ ಎಂದೇ ಅವರು ಭಾವಿಸಿದ್ದರು.

ಇದಕ್ಕೆ ಪರಿಹಾರ ನಮ್ಮ ಒಬ್ಬ ಅಧ್ಯಾಪಕರ ಬಳಿ ಕಂಡಿದ್ದೇನೆ. ಅವರು ಸಂದೇಹವಿದೆಯೇ ಎಂದು ಕೇಳುವುದಿಲ್ಲ. ತರಗತಿಯ ಕೊನೆಯಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಇಂದಿನ ಪಾಠದಲ್ಲಿ ಅತಿ ಮಸುಕಾಗಿ ಉಳಿದದ್ದು ಯಾವುದು ಎಂದು ಬರೆಸುತ್ತಾರೆ. ಮುಂದಿನ ತರಗತಿಯ ಆರಂಭದಲ್ಲಿ ಮೂರು ಚೀಟಿಗಳನ್ನು ಓದಿ ವಿವರಿಸುತ್ತಾರೆ. ನನ್ನದೇ ಸಂದೇಹವನ್ನು ಬೇರೆ ಯಾರದೋ ಕೈಬರಹದಿಂದ ಅವರು ಓದಿದ ದಿನದಿಂದ ಆ ತರಗತಿಯಲ್ಲಿ ಕೈ ಎತ್ತುವುದು ನನಗೆ ಕಷ್ಟವೆನಿಸಿಲ್ಲ.

"ಪರೀಕ್ಷೆಗೆ ಬರುತ್ತದೆಯೇ" ಎಂಬುದರ ಬಗ್ಗೆಯೂ ಸ್ವಲ್ಪ ಹೇಳಬೇಕು. ಅದು ನಿಮಗೆ ಅವಮಾನದಂತೆ ಕೇಳಿಸುತ್ತದೆಂದು ಗೊತ್ತು. ನಾವು ಒಂದೇ ಸೆಮಿಸ್ಟರಿನಲ್ಲಿ ಐದಾರು ಕೋರ್ಸು ಓದುತ್ತೇವೆ, ಕೆಲವರು ಸಂಜೆ ಕೆಲಸಕ್ಕೂ ಹೋಗುತ್ತಾರೆ, ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಕೋರ್ಸೊಂದೇ ಇದೆ ಎಂಬಂತೆ ಓದಲು ಕೊಡುತ್ತಾರೆ. ಯಾವುದು ಮುಖ್ಯ, ಯಾವುದು ಪ್ರಾಸಂಗಿಕ ಎಂದು ತಿಳಿಯಲು ನಮ್ಮ ಬಳಿ ಇರುವ ಪ್ರಶ್ನೆ ಅದೊಂದೇ. "ಈ ಅಧ್ಯಾಯದಿಂದ ನೀವು ಏನು ಮಾಡಲು ಸಮರ್ಥರಾಗಬೇಕು" ಎಂದು ನೀವೇ ಮೊದಲು ಹೇಳಿಬಿಟ್ಟರೆ ಆ ಪ್ರಶ್ನೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಬೋರ್ಡಿನ ತಪ್ಪನ್ನು ತೋರಿಸದಿರುವ ವಿಷಯದಲ್ಲಿ ನಾನು ಏನೂ ಸಮರ್ಥನೆ ಕೊಡಲಾರೆ. ಹೆಚ್ಚಿನ ಸಲ ನಾವು ಗಮನಿಸಿರುವುದೇ ಇಲ್ಲ, ಕೈ ತಾನಾಗಿ ಬರೆಯುತ್ತಿರುತ್ತದೆ.

ಉತ್ತರ: ಉತ್ತರಪತ್ರಿಕೆಗಳ ನಡುವೆ

ಮೇಲಿನ ಎರಡು ಉತ್ತರಗಳನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಕಾಣುವ ಪ್ರತಿಯೊಂದು ಕೊರತೆಯನ್ನೂ ಬೋಧನೆಯ ಖಾತೆಗೆ ಬರೆಯುವುದು ಈಗ ಒಂದು ಸಭ್ಯತೆಯಾಗಿಬಿಟ್ಟಿದೆ. ಓದದೆ ಬರುವವರು ಇದ್ದಾರೆ. ಕೊಟ್ಟ ನಾಲ್ಕು ಪುಟ ತೆರೆಯದೆ ಬಂದವನ ಮೌನಕ್ಕೆ ಮನೋವಿಜ್ಞಾನದ ಕಾರಣ ಹುಡುಕುವ ಅಗತ್ಯವಿಲ್ಲ. ಅವರನ್ನು ವಯಸ್ಕರೆಂದು ನಡೆಸಿಕೊಳ್ಳುವುದಾದರೆ, ಅವರ ಪಾಲಿನ ಕೆಲಸ ಮಾಡಿಲ್ಲ ಎಂದು ಹೇಳುವ ಹಕ್ಕೂ ಕರ್ತವ್ಯವೂ ನಮಗಿದೆ.

ಆದರೆ ಯಾರು ಓದಿಲ್ಲ, ಯಾರು ಓದಿಯೂ ದಾರಿ ತಪ್ಪಿದ್ದಾರೆ ಎಂಬುದನ್ನು ಮುಖ ನೋಡಿ ತಿಳಿಯಲಾಗದು. ಅದನ್ನು ಹೇಳುವುದು ಉತ್ತರಪತ್ರಿಕೆ, ಅದೂ ಅಂಕವನ್ನು ಮರೆತು ತಪ್ಪನ್ನು ಹಿಂಬಾಲಿಸಿದಾಗ. ಒಂದು ಉದಾಹರಣೆ: 2, 4, 6 ಇವುಗಳ ವೇರಿಯನ್ಸ್ ಕೇಳಿದ್ದ ಪ್ರಶ್ನೆಗೆ ಒಬ್ಬರು −125.33 ಎಂದು ಬರೆದು ಚೌಕಟ್ಟು ಹಾಕಿದ್ದರು. ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆಯೋ ಆ ಅಂತರಗಳ ವರ್ಗಗಳ ಸರಾಸರಿಯೇ ವೇರಿಯನ್ಸ್ ಆಗಿರುವಾಗ ಅದು ಋಣ ಸಂಖ್ಯೆಯಾಗುವುದು ಅಸಾಧ್ಯ ಎಂದು ಷರಾ ಬರೆದು ಸೊನ್ನೆ ಹಾಕಬಹುದಿತ್ತು. ಸಾಲುಗಳನ್ನು ಹಿಂಬಾಲಿಸಿದರೆ, ವರ್ಗಗಳ ಮೊತ್ತ 56 ಸರಿ, ಅದನ್ನು 3ರಿಂದ ಭಾಗಿಸಿದ 18.67 ಸರಿ; ಅದರಿಂದ ಸರಾಸರಿಯ ವರ್ಗವಾದ 16ನ್ನು ಕಳೆಯುವ ಬದಲು ಮೊತ್ತದ ವರ್ಗವಾದ 144ನ್ನು ಕಳೆದಿದ್ದಾರೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಸೂತ್ರವನ್ನು ತಪ್ಪಾಗಿ ನೆನಪಿಟ್ಟದ್ದು ಚಿಕ್ಕ ವಿಷಯ, ಒಂದು ಸಾಲಿನ ತಿದ್ದುಪಡಿ ಸಾಕು. ಬಂದ ಉತ್ತರವನ್ನು ಅನುಮಾನಿಸದೆ ಚೌಕಟ್ಟು ಹಾಕಿದ್ದು ದೊಡ್ಡ ವಿಷಯ, ಅದು ನಿಮ್ಮ 16 ಗಂಟೆಯ ಉತ್ತರಕ್ಕೆ ನೇರ ಸಂಬಂಧಿ. ಈ ಅಭ್ಯಾಸ ತಾನಾಗಿ ಬರುವುದಿಲ್ಲ; ಉತ್ತರ ಸಾಧ್ಯವೇ ಎಂದು ಒಂದು ವಾಕ್ಯದಲ್ಲಿ ಪರೀಕ್ಷಿಸಿ ಬರೆದವರಿಗೆ ಪ್ರತ್ಯೇಕ ಅಂಕ ಇಟ್ಟ ಮೇಲೆಯೇ ನನ್ನ ತರಗತಿಗಳಲ್ಲಿ ಅದು ಕಾಣಿಸಿಕೊಂಡಿತು. ಅಂಕದ ಮೇಲೆ ಕಣ್ಣಿದೆ ಎಂದು ದೂರುವ ಬದಲು ಆ ಕಣ್ಣು ಹೋಗಬೇಕಾದ ಜಾಗದಲ್ಲಿ ಅಂಕ ಇಡುವುದು ಜಾಣತನ.

ಓದಿಯೂ ದಾರಿ ತಪ್ಪುವವರ ವಿಷಯವೂ ಇದೆ. ನೋಟ್ಸನ್ನು ಮತ್ತೆ ಮತ್ತೆ ಓದುವುದು, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು, ಇದನ್ನೇ ಹೆಚ್ಚಿನವರು ಓದು ಎಂದು ತಿಳಿದಿರುತ್ತಾರೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವೊಂದನ್ನು ಪುನಃ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೆನಪಿನಿಂದ ಬರೆಯಲು ಪ್ರಯತ್ನಿಸಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬರುತ್ತದೆ ಎನಿಸಿ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಏನೂ ಉಳಿಯದಿರುವುದಕ್ಕೆ ಇದು ದೊಡ್ಡ ಕಾರಣ. ಪ್ರತಿ ತರಗತಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ ಹಿಂದಿನ ಪಾಠದ ಎರಡು ಪ್ರಶ್ನೆ ಕೇಳಿದರೆ ಅವರಿಗೂ ಲಾಭ, ನಿಮ್ಮ ಅಭಿಪ್ರಾಯಗಳಿಗೂ ಗಟ್ಟಿಯಾದ ಆಧಾರ.

ಕೊನೆಯದಾಗಿ, ಅಧ್ಯಾಪಕರ ಕೊಠಡಿಯಲ್ಲಿ "ಈ ಬ್ಯಾಚು ಸರಿಯಿಲ್ಲ" ಎಂಬ ಮಾತಿಗೆ ಕಿವಿ ಕೊಡಬೇಡಿ. ಆ ಮಾತನ್ನು ನಾನು ಪ್ರತಿ ಬ್ಯಾಚಿನ ಬಗ್ಗೆಯೂ ಕೇಳಿದ್ದೇನೆ.

ಮರುಬರಹ: ಹೊಸ ಉಪನ್ಯಾಸಕಿ

ಮೂವರಿಗೂ ಧನ್ಯವಾದಗಳು. ಐದು ಅಂಕಿಗಳ ಪ್ರಶ್ನೆಯನ್ನು ಊಹೆಯ ರೂಪದಲ್ಲಿ ಕೇಳಿ ನೋಡಿದೆ. ಮತಗಳು ನಿಜಕ್ಕೂ ಎರಡು ಮತ್ತು ಮೂರರ ನಡುವೆ ಹಂಚಿಹೋದವು. ಪಕ್ಕದವರೊಡನೆ ಮಾತನಾಡಿ ಎಂದಾಗ ತರಗತಿ ಮೊದಲ ಬಾರಿಗೆ ಗದ್ದಲವಾಯಿತು. ಹಿಂದಿನ ಸಾಲಿನಲ್ಲಿ ಸದಾ ಪುಸ್ತಕ ನೋಡುತ್ತಿದ್ದ ಹುಡುಗಿ ಪಕ್ಕದವಳಿಗೆ, ಒಬ್ಬನೇ ಎಲ್ಲರ ಸರಾಸರಿಯನ್ನು ಮೇಲೆ ಎಳೆದುಕೊಂಡು ಹೋಗಿದ್ದಾನೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ದಿನಕ್ಕೆ 52 ಗಂಟೆ ಎಲ್ಲಿಂದ ಬಂತು ಎಂದು ಇನ್ನೊಬ್ಬ ಕೇಳಿದ. ಅದು ನಾನು ಕಾಯುತ್ತಿದ್ದ ಪ್ರಶ್ನೆ.

ಆದರೆ ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಹೆಸರಿಲ್ಲದ ಚೀಟಿಗಳಲ್ಲಿ "ಹೀಗೆ ಮಾಡಿದರೆ ಪಾಠ ಮುಗಿಯುವುದಿಲ್ಲ", "ನೀವೇ ನೇರವಾಗಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ" ಎಂಬ ಬರಹಗಳೂ ಇದ್ದವು. ಸೆಮಿಸ್ಟರ್ ಕೊನೆಯಲ್ಲಿ ವಿದ್ಯಾರ್ಥಿಗಳು ನನ್ನ ಬೋಧನೆಯನ್ನು ಮೌಲ್ಯಮಾಪನ ಮಾಡುವವರಿದ್ದಾರೆ; ಹೊಸಬಳಾದ ನನಗೆ ಅದನ್ನು ಕಡೆಗಣಿಸುವ ಸ್ವಾತಂತ್ರ್ಯವಿಲ್ಲ. ಚಾಟ್‌ಬಾಟಿನ ಅಸೈನ್‌ಮೆಂಟುಗಳ ಬಗ್ಗೆಯೂ ಯಾರೂ ಏನೂ ಹೇಳಿಲ್ಲ.

ಉತ್ತರ: ಭೌತಶಾಸ್ತ್ರದ ಹಳಬ

ಆ ಚೀಟಿಗಳನ್ನು ಬರೆದವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೆಯೇ ಅನ್ನಿಸುತ್ತಿದೆ. ಲೂಯಿ ಡೆಲೊರಿಯರ್ ಮತ್ತು ಸಂಗಡಿಗರು ಹಾರ್ವರ್ಡ್‌ನ ಆರಂಭಿಕ ಭೌತಶಾಸ್ತ್ರ ತರಗತಿಗಳಲ್ಲಿ ಇದನ್ನೇ ಅಳೆದು 2019ರಲ್ಲಿ ಪ್ರಕಟಿಸಿದರು. ಒಂದು ಗುಂಪು ನುರಿತ ಅಧ್ಯಾಪಕರ ಸುಲಲಿತ ಉಪನ್ಯಾಸ ಕೇಳಿತು, ಇನ್ನೊಂದು ಗುಂಪು ಅದೇ ವಿಷಯವನ್ನು ಸಣ್ಣ ಗುಂಪುಗಳಲ್ಲಿ ತಾನೇ ಬಿಡಿಸುತ್ತ ಕಲಿಯಿತು. ಪರೀಕ್ಷೆಯಲ್ಲಿ ಎರಡನೆಯ ಗುಂಪು ಹೆಚ್ಚು ಅಂಕ ಪಡೆಯಿತು. ಎಷ್ಟು ಕಲಿತೆವೆಂದು ಕೇಳಿದಾಗ ಮೊದಲನೆಯ ಗುಂಪೇ ಹೆಚ್ಚು ಕಲಿತೆವೆಂದಿತು. ತಡವರಿಸುತ್ತ ಯೋಚಿಸುವಾಗ ಆಗುವ ಆಯಾಸವನ್ನು ವಿದ್ಯಾರ್ಥಿಗಳು ಕಲಿಯದಿರುವುದರ ಲಕ್ಷಣವೆಂದು ಓದುತ್ತಾರೆ. ಸಂಶೋಧಕರೇ ಸೂಚಿಸಿದ ಉಪಾಯ, ಸೆಮಿಸ್ಟರಿನ ಆರಂಭದಲ್ಲೇ ಇದನ್ನು ವಿದ್ಯಾರ್ಥಿಗಳಿಗೆ ವಿವರಿಸಿ ಹೇಳುವುದು. ಅರ್ಧ ದಾಟಿದ್ದರೂ ತಡವಾಗಿಲ್ಲ: ಸಂಖ್ಯಾಶಾಸ್ತ್ರದ ತರಗತಿಯಾದ್ದರಿಂದ ಆ ಪ್ರಯೋಗವನ್ನೇ ಒಂದು ಪಾಠವಾಗಿ ಮಾಡಿ, ಎರಡು ಗುಂಪುಗಳನ್ನು ಹೇಗೆ ಹೋಲಿಸಬೇಕೆಂದು ಅವರನ್ನೇ ಕೇಳಿ. ಜೊತೆಗೆ ಪ್ರತಿ ಚರ್ಚೆಯ ಕೊನೆಗೆ ಎರಡು ನಿಮಿಷ ಸ್ಪಷ್ಟವಾಗಿ, ಬರೆದುಕೊಳ್ಳುವ ಹಾಗೆ, ಸರಿಯಾದ ಉತ್ತರವನ್ನೂ ಕಾರಣವನ್ನೂ ಹೇಳಿ. ನೇರವಾಗಿ ಹೇಳಿ ಎಂದವರ ಬೇಡಿಕೆಯಲ್ಲಿ ನ್ಯಾಯವಾದ ಭಾಗ ಅದು. ಎಷ್ಟೋ ಉತ್ಸಾಹಿ ಅಧ್ಯಾಪಕರು ಚರ್ಚೆಯ ಹುರುಪಿನಲ್ಲಿ ಅದನ್ನೇ ಬಿಟ್ಟುಬಿಡುತ್ತಾರೆ.

ಅಸೈನ್‌ಮೆಂಟುಗಳ ವಿಷಯದಲ್ಲಿ ಪತ್ತೇದಾರಿ ಕೆಲಸಕ್ಕೆ ಇಳಿಯಬೇಡಿ. ಯಂತ್ರ ಬರೆದದ್ದನ್ನು ಗುರುತಿಸುತ್ತೇವೆನ್ನುವ ಸಾಫ್ಟ್‌ವೇರ್‌ಗಳು ಸ್ವಂತವಾಗಿ ಬರೆದವರನ್ನೂ ತಪ್ಪಿತಸ್ಥರ ಸಾಲಿಗೆ ಸೇರಿಸುವುದುಂಟು. ಅಂಥ ಒಂದು ಆರೋಪ ಸಾಕು, ಆ ವಿದ್ಯಾರ್ಥಿ ನಿಮ್ಮ ಬಳಿ ಮತ್ತೆ ಸುಳಿಯುವುದಿಲ್ಲ. ಮನೆಯಲ್ಲಿ ಮಾಡಿದ್ದಕ್ಕೆ ಅಂಕದ ತೂಕ ಇಳಿಸಿ, ಅದರ ಬಗ್ಗೆ ತರಗತಿಯಲ್ಲಿ ಮಾತನಾಡುವುದಕ್ಕೆ ಏರಿಸಿ. ನಾನು ಪ್ರತಿ ವಾರ ಕೆಲವರನ್ನು ಕರೆದು, ಅವರೇ ಒಪ್ಪಿಸಿದ ಹಾಳೆಯ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಈ ಹೆಜ್ಜೆ ಏಕೆ, ಈ ಅಂಕಿ ಬದಲಾದರೆ ಉತ್ತರ ಯಾವ ಕಡೆಗೆ ಸರಿಯುತ್ತದೆ ಎಂದು ಕೇಳುತ್ತೇನೆ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಾಕು, ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಲ್ಲರ ಸರದಿಯೂ ಬಂದಿರುತ್ತದೆ. ಚಾಟ್‌ಬಾಟಿನ ಸಹಾಯ ಪಡೆದು ಅರ್ಥಮಾಡಿಕೊಂಡವರು ಸರಾಗವಾಗಿ ಉತ್ತರಿಸುತ್ತಾರೆ, ಅವರ ಬಗ್ಗೆ ನನಗೆ ದೂರಿಲ್ಲ. ಬರೀ ನಕಲು ಮಾಡಿದವರು ಎರಡನೆಯ ಪ್ರಶ್ನೆಗೇ ನಿಲ್ಲುತ್ತಾರೆ. ಅಲ್ಲಿಂದಲೇ ಪಾಠ ಆರಂಭಿಸಬಹುದು, ಏಕೆಂದರೆ ಆಗ ಎದುರಿಗಿರುವುದು ಒಬ್ಬರೇ, ಕೇಳಲು ಮುಜುಗರಪಡಬೇಕಾದ ಗುಂಪು ಅಲ್ಲಿಲ್ಲ. ಖಾಲಿ ಬಿದ್ದಿರುವ ನಿಮ್ಮ ಕೊಠಡಿಯ ಸಮಯವನ್ನೇ ಇದಕ್ಕೆ ಬಳಸಿಕೊಳ್ಳಿ. ಒಮ್ಮೆ ಕರೆಸಿಕೊಂಡು ಬಂದವರಲ್ಲಿ ಕೆಲವರು ಮುಂದಿನ ಸಲ ಕರೆಯದೆಯೇ ಬರುತ್ತಾರೆ.